ಒಂದು ಹನಿ ಹೆಪ್ಪು

ಹಾಲು ಹೆಪ್ಪುಗಟ್ಟುವುದು ನಿಂತು ನಾಲ್ಕು ವರ್ಷವಾಗಿತ್ತು. ಊರೂರಿನಿಂದ ಹಳೆಯ ಮೊಸರಿನ ಕುಡಿಕೆಗಳು ಲ್ಯಾಬಿಗೆ ಬರುತ್ತಿದ್ದವು. ತಳ ಕೆರೆದು ತೆಗೆದದ್ದನ್ನು ಗಾಜಿನ ಬಿಲ್ಲೆಯೊಳಗಿನ ಕೂದಲೆಳೆಯಂಥ ಕಾಲುವೆಗಳಲ್ಲಿ ಹರಿಸಿ, ಹನಿಗೊಂದು ಜೀವಕೋಶದಂತೆ ಬೇರ್ಪಡಿಸುತ್ತಿದ್ದರು. ಇವತ್ತು ಲಕ್ಷ ಹನಿಗಳಲ್ಲಿ ಒಂದರೊಳಗೆ ಜೀವ ಮಿಸುಕಿತ್ತು. ಅದು ಚೆನ್ನಾಜಮ್ಮನ ಕುಡಿಕೆಯದು.

ಚೆನ್ನಾಜಮ್ಮ ಕೂತಲ್ಲಿ ಕೂರಲಾರದೆ ಒಮ್ಮೆ ಸ್ಕ್ರೀನು, ಒಮ್ಮೆ ಕಿಟಕಿ ನೋಡುತ್ತಿದ್ದಳು.

“ಆ ಜೀವ ಒಡೆದು ಎರಡಾಯ್ತೇನಮ್ಮಾ?”

“ಇನ್ನೂ ಇಲ್ಲ ಅಜ್ಜಿ,” ಎಂದಳು ಬಿಲ್ಲೆ ನೋಡಿಕೊಳ್ಳುವ ತಬಸ್ಸುಮ್. “ಎರಡಾದ ತಕ್ಷಣ ಹಾಲಿಗೆ ಬಿಡ್ಬೇಕು. ತಡ ಆದ್ರೆ ಸಾಯುತ್ತೆ. ಕುಡಿಕೆ ನಿಮ್ದು, ನೀವೇ ಕೈಯಾರೆ ಬಿಡಿ.”

“ಹೊತ್ತು ಮುಳುಗೋದ್ರೊಳಗೆ ಆಗ್ಲಿ.” ಅಜ್ಜಿಯ ದನಿ ಇಳಿಯಿತು. “ಅವತ್ತು ಪಕ್ಕದ ಮನೆಯೋಳು ದೀಪ ಹಚ್ಚಿದ ಮೇಲೆ ಹೆಪ್ಪು ಕೇಳ್ಕೊಂಡು ಬಂದ್ಲು. ಆ ಹೊತ್ನಲ್ಲಿ ಕೊಡಬಾರ್ದು, ಕೊಟ್ಬಿಟ್ಟೆ. ಮಾರನೇ ದಿನದಿಂದ ಯಾರ ಮನೇಲೂ ಮೊಸರಾಗ್ಲಿಲ್ಲ. ಇದುವರ್ಗೂ ಯಾರಿಗೂ ಹೇಳಿಲ್ಲ ಕಣೆ.”

ತಬಸ್ಸುಮ್ ನಗಲಿಲ್ಲ.

ಬೀದಿದೀಪ ಹತ್ತಿತು. ಲ್ಯಾಬಿನ ದೀಪಗಳೂ ತಾವಾಗಿಯೇ ಹೊತ್ತಿಕೊಂಡವು. ಆಗಲೇ ಹನಿಯೊಳಗಿನ ಕೋಶ ನಡುವೆ ಸಣ್ಣಗಾಗಿ ಎರಡಾಯಿತು. ತಬಸ್ಸುಮ್ ಅದನ್ನು ಪುಟ್ಟ ನಳಿಕೆಗಿಳಿಸಿ ಅಜ್ಜಿಯ ಕೈಗಿತ್ತಳು. ಉಗುರುಬೆಚ್ಚಗಿನ ಹಾಲಿನ ಬಟ್ಟಲನ್ನು ಮುಂದೆ ಹಿಡಿದಳು.

ಹತ್ತಿದ ದೀಪಗಳನ್ನು ನೋಡಿದ ಅಜ್ಜಿಯ ಕೈ ಮೇಲೇಳಲಿಲ್ಲ.

ತಬಸ್ಸುಮ್ ಬಟ್ಟಲು ಕೆಳಗಿಟ್ಟು, ಎದ್ದು ಹೋಗಿ ಕಿಟಕಿಯ ಪರದೆ ಎಳೆದಳು. ಒಂದೊಂದಾಗಿ ದೀಪಗಳನ್ನೆಲ್ಲ ಆರಿಸಿ, ಕತ್ತಲಲ್ಲೇ ತಡವುತ್ತ ಬಂದು ಬಟ್ಟಲು ಹಿಡಿದು ನಿಂತಳು.

“ನಮ್ಮಲ್ಲಿನ್ನೂ ದೀಪ ಹಚ್ಚಿಲ್ಲ ಅಜ್ಜಿ,” ಎಂದಳು. “ಒಂಚೂರು ಹೆಪ್ಪಿದ್ರೆ ಕೊಡ್ತೀರಾ?”