ಮುಂಗೈ ಮೇಲಿನ ಹೆಸರು

ಮನೆಗೆಲಸದ ಪುಟ್ಟೀರಿಗೆ ಓದು ಬರುತ್ತಿರಲಿಲ್ಲ. ಹಚ್ಚೆಯವಳು ಬಂದ ದಿನ ಅಮ್ಮಾವ್ರೇ ಕಡ್ಡಿಯನ್ನು ಮಸಿಗೆ ಅದ್ದಿ ಅವಳ ಮುಂಗೈ ಮೇಲೆ ಅಕ್ಷರ ಬರೆದರು.

“ನನ್ನ ಹೆಸರೇ ತಾನೇ ಅಮ್ಮಾವ್ರೇ?”

“ಮತ್ತಿನ್ಯಾರ್ದೇ? ಸತ್ತರೂ ನಿನ್ನ ಜೊತೇಲೇ ಬರೋ ಒಡವೆ ಅದು. ಹಾಕಿಸ್ಕೋತೀಯಾ?”

“ಹೂಂ” ಅಂದಳು ಪುಟ್ಟೀರಿ. ಹೆತ್ತವ್ವನೂ ಅವಳಿಗೆ ಅಷ್ಟು ಅಕ್ಕರೆ ತೋರಿಸಿರಲಿಲ್ಲ.

ಸೂಜಿ ಚುಚ್ಚತೊಡಗಿದಾಗ ಜೀವ ಬಾಯಿಗೆ ಬಂತು. “ಸಾಕು, ಬ್ಯಾಡ! ಬಿಡವ್ವಾ!”

ಹಚ್ಚೆಯವಳು ಸೂಜಿ ಎತ್ತಿದಳು.

“ನೀನು ಚುಚ್ಚೇ,” ಎಂದು ಅಮ್ಮಾವ್ರು ಪುಟ್ಟೀರಿಯ ಕೈಯನ್ನು ಅದುಮಿ ಹಿಡಿದರು. “ಒಪ್ಪಿ ಕೈ ಕೊಟ್ಟೋಳು ಇವಳೇ. ಒಪ್ಪಿದ ಮೇಲೆ ಹಿಡ್ಕೊಂಡ್ರೆ ಅದು ಬಲವಂತ ಅಲ್ಲ.”

ಅದೂ ಸರಿಯೇ ಅನ್ನಿಸಿ ಪುಟ್ಟೀರಿ ಸೆರಗು ಕಚ್ಚಿಕೊಂಡಳು.

ಬಾವು ಇಳಿದು ಅಕ್ಷರಗಳು ಹಸಿರಾಗಿ ಮೂಡಿದವು. ಮನೆಯ ಮದುವೆಗೆಂದು ಅಟ್ಟದ ಮೇಲಿನ ಪಾತ್ರೆಗಳೆಲ್ಲ ಇಳಿದವು. ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾಗ ಹಿತ್ತಾಳೆ ಕೊಳಗದ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಬರಹ ಕಾಣಿಸಿತು.

“ಇಲ್ಲೇನು ಬರ್ದಿರೋದು ಅಮ್ಮಾವ್ರೇ?”

“ಯಜಮಾನ್ರ ಹೆಸರು ಕಣೇ. ಯಾರ ಮನೆ ಸೇರಿದ್ರೂ ನಮ್ಮ ಸಾಮಾನು ಅಂತ ಗೊತ್ತಾಗ್ಬೇಕಲ್ಲ.”

ಪುಟ್ಟೀರಿ ತನ್ನ ಮುಂಗೈಯನ್ನು ಕೊಳಗದ ಕಂಠದ ಪಕ್ಕಕ್ಕೆ ಹಿಡಿದಳು. ಒಂದು ಚುಕ್ಕಿಯೂ ಹೆಚ್ಚು ಕಡಿಮೆ ಇರಲಿಲ್ಲ.