ಗಿರಾಕಿಗಳ ರಂಜಕ

ಬಡಿಸುವವನು ತಾಟಿನ ಅಂಚಿಗೆ ಒಂದು ಚಮಚ ರಂಜಕವಿಟ್ಟು ಮುಂದಿನ ಸಾಲಿಗೆ ಸರಿದ. ಹಂಪಣ್ಣ ರೊಟ್ಟಿಯ ಚೂರನ್ನು ಅದಕ್ಕೆ ಒತ್ತಿ ಬಾಯಿಗಿಟ್ಟುಕೊಂಡ. ಹಣ್ಣುಮೆಣಸಿನಕಾಯಿಯ ಉರಿ ನಾಲಿಗೆಯನ್ನು ಹಿಡಿಯಿತು. ಹಿಂದೆಯೇ ನಿಂಬೆಯ ಹುಳಿ ಬಂದು ಅದನ್ನು ಬಿಡಿಸಿತು. ಎಲ್ಲ ಮುಗಿಯಿತೆನ್ನುವಾಗ ಬೆಳ್ಳುಳ್ಳಿಯ ಘಮವೊಂದು ಗಂಟಲಲ್ಲಿ ಉಳಿದುಕೊಂಡಿತು. ಅವನ ಕಣ್ಣುಗಳು ತುಂಬಿದವು. ಇದನ್ನು ಮಾಡಿದವಳು ಅವನ ಹೆಂಡತಿ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇಂಥದೊಂದನ್ನು ಅವಳು ತನಗೆ ಬಡಿಸಿದ ನೆನಪು ಅವನಿಗಿರಲಿಲ್ಲ.

ಕಾಲುವೆಗೆ ನೀರು ಬಿಡುವ ದಿನ ಕೇಳಲೆಂದು ದೋರನಹಳ್ಳಿಯಿಂದ ಶಹಾಪುರಕ್ಕೆ ಬಂದಿದ್ದ. ಬಸ್ ನಿಲ್ದಾಣದ ಹಿಂದಿನ ಈ ಖಾನಾವಳಿಯಲ್ಲಿ ಭಾಗಮ್ಮ ಅಡುಗೆಗೆ ನಿಂತು ಎರಡು ವರ್ಷವಾಗಿತ್ತು. ಹೆಂಡತಿ ಕೂಲಿಗೆ ಬೇಯಿಸಿದ್ದನ್ನು ಗಿರಾಕಿಯಂತೆ ಕುಳಿತು ಉಣ್ಣಲು ಮನಸ್ಸೊಪ್ಪದೆ ಈವರೆಗೆ ಅವನು ಒಳಗೆ ಕಾಲಿಟ್ಟಿರಲಿಲ್ಲ. ಇಂದು ಹಸಿವು ಗೆದ್ದಿತ್ತು.

ಪಕ್ಕದಲ್ಲಿ ಕುಳಿತ ಲಾರಿ ಡ್ರೈವರು ಖಾರಕ್ಕೆ ಬಾಯಿಂದ ಗಾಳಿ ಎಳೆದುಕೊಳ್ಳುತ್ತಲೇ ನಕ್ಕ. “ಹೊಸಬರು ಕಾಣ್ತೀರಿ. ಒಳಗ ಒಬ್ಬಾಕಿ ಅಕ್ಕ ಅದಾಳ್ರಿ, ಆಕಿ ಕೈಯಾಂದು ಇದು. ಆಕಿ ಗಂಡನ ನಸೀಬ ನೋಡ್ರಿ, ದಿನಾ ಕುಂತಲ್ಲೇ ಇದನ್ನ ಹೊಡೀತಿರಬೇಕು!”

“ಯಾರಿಗೊತ್ತು,” ಎಂದ ಹಂಪಣ್ಣ. “ಆಂವ ಏನ್ ತಿಂತಾನೋ.”

“ಏ, ಅಂಥಾಕಿ ಗಂಡಗ ಉಪಾಸ ಕೆಡವ್ತಾಳೇನ್ರಿ?”

ಅಷ್ಟರಲ್ಲಿ ಒಲೆಯ ಕಡೆಯಿಂದ ಭಾಗಮ್ಮನ ದನಿ ಕೇಳಿತು: “ಲಾಲಪ್ಪಗ ಇನ್ನೊಂದೀಟು ರಂಜಕ ಹಾಕ್ರಿ. ಬ್ಯಾಡ ಅಂತಾನ, ಕೇಳಬ್ಯಾಡ್ರಿ. ಆಂವಗ ಖಾರ ಭಾಳ ಬೇಕು.”

“ನೋಡಿದ್ರೇನ್ರಿ?” ಲಾಲಪ್ಪನೆಂಬ ಆ ಡ್ರೈವರು ಎದೆಯುಬ್ಬಿಸಿ ತಾಟನ್ನು ಮುಂದಕ್ಕೆ ತಳ್ಳಿದ.

ಆ ದನಿಯಲ್ಲಿ ಒಂದು ನಗುವಿತ್ತು. ಹಂಪಣ್ಣನ ಮನೆಯ ಗೋಡೆಗಳು ಕೇಳದ ನಗು. ಅವನು ಸಾಲುಗಳ ಮೇಲೆ ಕಣ್ಣಾಡಿಸಿದ. ಕಾಲುವೆ ಅಗೆಯಲು ಬಂದವರು, ಭತ್ತ ಹೇರಲು ಬಂದವರು, ಹೆಸರಿಲ್ಲದವರು, ಊರಿಲ್ಲದವರು; ಒಬ್ಬೊಬ್ಬನ ತಾಟಿನ ಅಂಚಿನಲ್ಲೂ ಒಂದೊಂದು ಕೆಂಪು ಚುಕ್ಕೆ. ಲಾಲಪ್ಪನೊಬ್ಬನೇ ಆಗಿದ್ದರೆ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು. ಇಡೀ ದಾರಿಗೇ ಹೆಂಡತಿ ಹಂಚಿಹೋದರೆ ಯಾರನ್ನು ಕೇಳುವುದು? ಅರ್ಧ ರೊಟ್ಟಿ ಬಿಟ್ಟು ಎದ್ದ. ಅವಳ ಕಣ್ಣಿಗೆ ಬೀಳದಂತೆ ಹೊರಬಿದ್ದು, ಬಜಾರಿನಲ್ಲಿ ಎರಡು ಹಿಡಿ ಹಣ್ಣುಮೆಣಸಿನಕಾಯಿ ಕಟ್ಟಿಸಿಕೊಂಡು ಊರಿನ ಬಸ್ಸು ಹತ್ತಿದ.

ಸಂಜೆ ಬಿಸಿಲಿರುವಾಗಲೇ ಭಾಗಮ್ಮ ಮನೆಗೆ ಬಂದಳು. ಹೊಸ್ತಿಲಲ್ಲೇ ಕೆಮ್ಮು ಹತ್ತಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

“ಯಾರಿಗೆ ದೃಷ್ಟಿ ತೆಗದ್ರಿ?”

“ರಂಜಕ ಮಾಡೀನಿ.” ಒರಳಿನ ಮುಂದೆ ಕುಳಿತ ಹಂಪಣ್ಣನ ಅಂಗೈಗಳು ಕೆಂಪೇರಿ ಉರಿಯುತ್ತಿದ್ದವು.

“ಹಣ್ಣುಮೆಣಸಿನಕಾಯಿ ಯಾರರೆ ಹಂಚಿನ ಮ್ಯಾಲೆ ಹಾಕ್ತಾರೇನ್ರಿ?” ಅವಳು ಬೆರಳ ತುದಿಯಿಂದ ನೆಕ್ಕಿ ನೋಡಿದಳು. “ಮೆಂತ್ಯಾನೂ ಹೊತ್ತಿಸೀರಿ. ಇದು ಒಂದು ದಿನದಾಗ ಆಗೂದಲ್ಲ. ಕುಟ್ಟಿ, ಉಪ್ಪಿನಾಗ ನಾಕು ದಿನ ಇಡಬೇಕು.”

“ಲಾಲಪ್ಪಗ ಖಾರ ಭಾಳ ಬೇಕು ಅಂತ ನಿನಗ ಗೊತ್ತದ,” ಎಂದ. “ನನಗ ಎಷ್ಟು ಬೇಕು?”

ಅವಳು ಅವನನ್ನೇ ನೋಡಿದಳು. “ಹೋಟೆಲಿಗೆ ಬಂದಿದ್ರೇನು?”

“ಬಂದಿದ್ದೆ. ಗಿರಾಕಿ ಆಗಿ ಕುಂತೆ, ಅದಕ್ಕ ಸಿಕ್ಕಿತು. ಗಂಡ ಆಗಿ ಕುಂತವಗ ರೊಟ್ಟಿಗೆ ಬರೇ ಶೇಂಗಾದ ಹಿಂಡಿ.”

ಭಾಗಮ್ಮ ಚೀಲದಿಂದ ಅಂಗೈಯಗಲದ ಡಬ್ಬಿಯೊಂದನ್ನು ತೆಗೆದು ಮುಚ್ಚಳ ಬಿಚ್ಚಿದಳು. ಹೊಗೆ ತುಂಬಿದ ಮನೆಯಲ್ಲೂ ಆ ಘಮ ತನ್ನ ದಾರಿ ಮಾಡಿಕೊಂಡಿತು.

“ಇದು ನನ್ನ ಪಾಲಿಂದು. ದಿನಾ ಬಸ್ ಸ್ಟ್ಯಾಂಡಿನ್ಯಾಗ ಕುಂತು ತಿಂದು ಬರ್ತೀನಿ. ಇವತ್ತ ಬಸ್ ಲಗೂ ಬಂತು.”

ಅವನು ಕೈ ಚಾಚಿದ. ಅವಳು ತಾಟು ಹುಡುಕಲು ಎದ್ದಳು.

“ಕೈಯಾಗೇ ಕೊಡು.”

“ಕೈಗೆ ಖಾರ ಕೊಡಬಾರದು. ಕೊಟ್ಟವರಿಗೂ ತಗೊಂಡವರಿಗೂ ಜಗಳ ಆಗ್ತದ.”

“ಆಗ್ಲಿ, ಕೊಡು.”

ಆ ಮನೆಯಲ್ಲಿ ಜಗಳವೆಂಬುದು ಎಂದೂ ಆಗಿರಲಿಲ್ಲ. ಕೂಗುವವನು ಅವನು, ಸುಮ್ಮನಾಗುವವಳು ಅವಳು; ಒಬ್ಬರಿಂದಲೇ ಆಗುವುದಕ್ಕೆ ಜಗಳವೆನ್ನುವುದಿಲ್ಲ. ಭಾಗಮ್ಮ ಆ ಚಾಚಿದ ಕೈಯನ್ನು ನೋಡಿದಳು. ಆಮೇಲೆ ಡಬ್ಬಿಯೊಳಗೆ ಬೆರಳಿಳಿಸಿ, ಇದ್ದಷ್ಟನ್ನೂ ಬಳಿದು, ಅವನ ಉರಿಯುವ ಅಂಗೈಗೆ ಒತ್ತಿದಳು.

“ಮದುವ್ಯಾಗಿ ಒಂಬತ್ತನೇ ದಿನ ಇದನ್ನೇ ಮಾಡಿದ್ದೆ,” ಎಂದಳು. “ನಮ್ಮವ್ವ ಕಲಿಸಿದ್ದು. ನಿಮ್ಮ ಗೆಳ್ಯಾರ ಮುಂದ ತಾಟು ಅಂಗಳಕ್ಕ ಒಗದ್ರಿ. ‘ಬಾಯಿ ಸುಡಾಕ ಬಂದಾಳ’ ಅಂದ್ರಿ. ಅವರೆಲ್ಲಾ ನಕ್ಕರು. ಮಣ್ಣಾಗಿಂದ ರೊಟ್ಟಿ ಆರಿಸಿದಾಕಿ ನಾನು.”

“ನಾ ಯಾವಾಗ...” ಎನ್ನುತ್ತ ಹಂಪಣ್ಣ ಏಳಹೋದ.

ಭಾಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನೆದುರಿಗೆ ಕಾಲು ಚಾಚಿ ಕುಳಿತಳು.

“ಕುಂದರ್ರಿ,” ಎಂದಳು. “ಇದು ಬರೇ ಮೊದಲನೇದು.”