ಮೊದಲ ಪಾಠ ಬೀಳುವುದು

ಕಾರಿನ ಗಾಜು ಮುಚ್ಚಿತ್ತು. ಹಾಗಾಗಿ ಏಟಿನ ಸದ್ದು ಹೊರಗೆ ಯಾರಿಗೂ ಕೇಳಿಸಲಿಲ್ಲ...

ಏಳು ವರ್ಷದ ಇಂಪನಾ ಒಂದು ಗ್ಲೌಸ್ ಮನೆಯಲ್ಲೇ ಮರೆತು ಬಂದಿದ್ದಳು. ಅಷ್ಟಕ್ಕೇ ಅಪ್ಪ ರುದ್ರೇಶ್ ಕೆನ್ನೆಗೆ ಬಾರಿಸಿದ್ದರು.

ಮಗು ಅಳಲಿಲ್ಲ. ಹಿಂದಿನ ಸೀಟಿನಲ್ಲಿದ್ದ ತಾಯಿ ಶಶಿಕಲಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ರುದ್ರೇಶ್ ದಾವಣಗೆರೆಯವರು. ಮನಾಲಿ ಹತ್ತಿರ ಒಂದು ವಿದ್ಯುತ್ ಯೋಜನೆಯಲ್ಲಿ ಎಂಜಿನಿಯರ್. ಕಾಲೊನಿಯ ಮಕ್ಕಳೆಲ್ಲ ಚಳಿಗಾಲದ ರಜೆಯಲ್ಲಿ ಹಿಮದ ಮೇಲೆ ಜಾರುವ ಸ್ಕೀ ಕಲಿಯುತ್ತಿದ್ದರು. ತಮ್ಮ ಮಗಳೊಬ್ಬಳೇ ಹಿಂದೆ ಉಳಿದಳು ಎಂಬ ಉರಿ ಅವರಿಗೆ.

ಕೆಲವರಿಗೆ ಮಕ್ಕಳೆಂದರೆ ಪಕ್ಕದ ಮನೆಯವರಿಗೆ ತೋರಿಸುವ ರಿಪೋರ್ಟ್ ಕಾರ್ಡ್, ಅಷ್ಟೇ.

ಆದರೆ ರೆಸಾರ್ಟಿನ ಸ್ಕೀ ಸ್ಕೂಲಿನ ಫೀಸ್ ಕೇಳಿದರೆ ತಲೆ ತಿರುಗುತ್ತಿತ್ತು. ಚಿಕ್ಕ ಮಕ್ಕಳಿಗೆ ಬೇರೆ ಕೋಚ್ ಬೇಕಂತೆ... ಬೂಟಿಗೆ ಬೇರೆ, ಸ್ಕೀಗೆ ಬೇರೆ ಬಾಡಿಗೆಯಂತೆ...

ಕೊನೆಗೆ ಶಶಿಕಲಾ ಅವರೇ ಅಲ್ಲಿ ಇಲ್ಲಿ ವಿಚಾರಿಸಿ, ಮೇಲಿನ ಹಳ್ಳಿಯಲ್ಲಿ ಒಂದು ಮಕ್ಕಳ ಕ್ಲಬ್ ಹುಡುಕಿದರು. ನಡೆಸುವವರು ಕೊಡಗಿನ ನಾಣಯ್ಯ. ಸೈನ್ಯದಲ್ಲಿ ಜವಾನರಿಗೆ ಸ್ಕೀ ಕಲಿಸುತ್ತಿದ್ದವರು, ನಿವೃತ್ತರಾದ ಮೇಲೆ ಹೆಂಡತಿಯ ಊರಾದ ಇಲ್ಲೇ ಉಳಿದಿದ್ದರು.

ಅಲ್ಲಿ ಫೀಸ್ ತೀರಾ ಕಡಿಮೆ. ಒಂದು ಮಗುವಿಗೆ ಚಿಕ್ಕದಾದ ಬೂಟು ಇನ್ನೊಂದು ಮಗುವಿಗೆ. ಹಿಮ ಗಟ್ಟಿ ಮಾಡುವ ಮೆಷಿನ್ ಇಲ್ಲ. ಅಪ್ಪ ಅಮ್ಮಂದಿರೇ ಬೆಳಿಗ್ಗೆ ಸಾಲಾಗಿ ನಿಂತು ಇಳಿಜಾರನ್ನು ಕಾಲಲ್ಲಿ ತುಳಿಯಬೇಕು. ಆಮೇಲೆ ಮಕ್ಕಳ ಕ್ಲಾಸ್.

ಆ ಬೆಳಿಗ್ಗೆ ಕಾರಿನಿಂದ ಇಳಿದ ರುದ್ರೇಶ್ ಗೊಣಗುತ್ತಲೇ ತುಳಿದರು. ಜೊತೆಗೆ ತುಳಿಯುತ್ತಿದ್ದ ಮಗಳು ಸ್ವಲ್ಪ ಹಿಂದುಳಿದದ್ದೇ ತಡ, ತಲೆಗೆ ಜೋರಾಗಿ ಮೊಟಕಿದರು.

"ಕಾಲಾಗೆ ಶಕ್ತಿ ಇಲ್ಲೇನೇ ನಿಂಗೆ?"

ಅದನ್ನು ನಾಣಯ್ಯ ನೋಡಿದರು.

ಕ್ಲಾಸ್ ಶುರುವಾಯಿತು. "ಇವತ್ತು ಸ್ಕೀ ಹಾಕೋದಿಲ್ಲ ಮಕ್ಕಳೇ. ಮೊದಲ ಪಾಠ ಬೀಳೋದು, ಆಮೇಲೆ ಏಳೋದು." ಹಿಂದಿಯಲ್ಲಿ ಹೇಳಿ, ಇಂಪನಾಳಿಗಾಗಿ ಕನ್ನಡದಲ್ಲೂ ಹೇಳಿದರು.

ಒಬ್ಬೊಬ್ಬರ ಹೆಗಲನ್ನೂ ಮೆಲ್ಲಗೆ ತಳ್ಳಿದರು. ಮಕ್ಕಳು ಕೈ ಮುಂದೆ ಚಾಚಿ ಬಿದ್ದು, ಮೂಗಿಗೆಲ್ಲ ಹಿಮ ಮೆತ್ತಿಕೊಂಡು ನಕ್ಕರು. ಅವರಿಗೆ ಏಳುವುದನ್ನೂ ತೋರಿಸಿಕೊಟ್ಟರು.

ಇಂಪನಾಳ ಸರದಿ ಬಂತು. ನಾಣಯ್ಯನವರ ಕೈ ಇನ್ನೂ ತಾಗಿರಲೇ ಇಲ್ಲ... ಅವಳು ಬಿದ್ದಾಗಿತ್ತು.

ಮಂಡಿ ಎದೆಗೆ, ಗದ್ದ ಒಳಗೆ, ಎರಡೂ ಕೈ ತಲೆಯ ಮೇಲೆ. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಒಂದು ಸದ್ದೂ ಇಲ್ಲ.

ನಿಂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ರುದ್ರೇಶ್ ಅಂದು ಮೊದಲ ಸಲ ನಕ್ಕರು. "ನೋಡ್ರಿ, ಹೇಳಿಕೊಡದೇನೇ ಕಲ್ತಾಳೆ ನನ್ನ ಮಗಳು."

ನಾಣಯ್ಯ ಚಪ್ಪಾಳೆ ತಟ್ಟಲಿಲ್ಲ. ಮಗುವಿನ ಟೋಪಿ ಸರಿಸಿದರು. ಕೆನ್ನೆಯ ಮೇಲೆ ಬೆರಳಿನ ಬರೆಗಳು ಇನ್ನೂ ಕೆಂಪಗಿದ್ದವು.

"ಮೊದಲ ದಿನ ಯಾವ ಮಗುವೂ ಹೀಗೆ ಬೀಳೋದಿಲ್ಲ ಸಾರ್," ಎಂದರು. "ಎಲ್ಲರ ಕೈಯೂ ಮುಂದೆ ಹೋಗ್ತದೆ. ತಲೆ ಮುಚ್ಚಿಕೊಂಡು ಬೀಳೋದು ದಿನಾ ಏಟು ತಿನ್ನೋ ಮಗು ಮಾತ್ರ."

ಚಪ್ಪಾಳೆ ನಿಂತಿತು.

ರುದ್ರೇಶ್ ಮುಖ ಕೆಂಪೇರಿತು. "ನನ್ನ ಮಗಳು... ಹೊಡಿತೀನಿ, ಬಿಡ್ತೀನಿ. ನಿಮಗ್ಯಾಕ್ರಿ ಅದು?"

ಕ್ಲಬ್ಬಿನ ಗೋಡೆಗೆ ಒರಗಿಸಿದ್ದ ಸ್ಕೀ ಕೋಲು ಎತ್ತಿಕೊಂಡರು. "ಎಲ್ಲರ ಮುಂದೆ ಮರ್ಯಾದೆ ತೆಗಿತೀಯಾ" ಎನ್ನುತ್ತ ಮಗುವಿನ ಬೆನ್ನಿಗೆ ಬಾರಿಸಿಯೇ ಬಿಟ್ಟರು.

ಎರಡನೇ ಏಟು ಅಡ್ಡ ಬಂದ ನಾಣಯ್ಯನವರ ಮೊಣಕೈಗೆ ಬಿತ್ತು. ಕೋಲು ಬಾಗಿತು. ನಾಣಯ್ಯ ಅದನ್ನು ಕಸಿದು ಎಸೆದರು. ರುದ್ರೇಶ್ ಮುಷ್ಟಿ ಬಿಗಿದು ಅವರ ಮೂಗಿಗೆ ಗುದ್ದಿದರು. ಬಿಳಿ ಹಿಮದ ಮೇಲೆ ರಕ್ತ ತೊಟ್ಟಿಕ್ಕಿತು...

ನಾಣಯ್ಯ ಕಾಲರ್ ಹಿಡಿದು ಎಳೆದು, ಅವರನ್ನು ನೆಲಕ್ಕೆ ಬೀಸಿ ಒಗೆದರು. ಮತ್ತೆ ಹೊಡೆಯಲು ಕೈ ಎತ್ತಿದರು.

ಎತ್ತಿದ ಕೈ ಅಲ್ಲೇ ನಿಂತಿತು.

ಯಾಕೆಂದರೆ ಆ ದಪ್ಪ ಮೀಸೆಯ, ನಲವತ್ತು ದಾಟಿದ ಮನುಷ್ಯ ಬಿದ್ದದ್ದು ಹೀಗೆ... ಮಂಡಿ ಎದೆಗೆ, ಗದ್ದ ಒಳಗೆ, ಎರಡೂ ಕೈ ತಲೆಯ ಮೇಲೆ.

ಥೇಟ್ ಮಗಳ ಹಾಗೆಯೇ.

ತೋಳುಗಳ ಒಳಗಿಂದ ಸಣ್ಣ ದನಿ ಬಂತು. "ಇನ್ಮೇಲೆ ಮಾಡಲ್ಲಪ್ಪ... ಬೆಲ್ಟಿಂದ ಹೊಡಿಬ್ಯಾಡಪ್ಪ..."

ಶಶಿಕಲಾ ಬಾಯಿಗೆ ಕೈ ಇಟ್ಟುಕೊಂಡರು. ಗಂಡನ ಬೆನ್ನ ಮೇಲಿನ ಹಳೆಯ ಗಾಯದ ಗುರುತುಗಳು ಅವರಿಗೆ ಗೊತ್ತಿದ್ದವು. ಸೈಕಲ್‌ನಿಂದ ಬಿದ್ದದ್ದು ಎಂದು ರುದ್ರೇಶ್ ಹೇಳಿದ್ದರು. ಅದು ಮಾವನವರ ಬೆಲ್ಟಿನ ಏಟು ಎಂದು ಇವತ್ತು ತಿಳಿಯಿತು.

ಇಂಪನಾ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಳು. "ಅಪ್ಪಾ... ಪಕ್ಕಕ್ಕೆ ತಿರುಗು. ಮೊದ್ಲು ಒಂದು ಮಂಡಿ ಊರು, ಆಮೇಲೆ ಕೈ. ಹಂಗೆ ಏಳೋದಂತೆ. ಈ ಅಜ್ಜ ಆ ಮಕ್ಕಳಿಗೆಲ್ಲ ತೋರಿಸ್ತಿದ್ರು."

ರುದ್ರೇಶ್ ಕಣ್ಣು ತೆರೆದರು. ಮಗಳ ಕೆನ್ನೆ ಸವರಲು ಕೈ ಎತ್ತಿದರು.

ಮಗು ತಟ್ಟನೆ ತಲೆ ಮುಚ್ಚಿಕೊಂಡಿತು.

ಆಗ ಅವರು ಅತ್ತರು... ಎಲ್ಲರ ಎದುರಿಗೆ, ಬಿಕ್ಕಿ ಬಿಕ್ಕಿ. ಎತ್ತಿದ ಕೈಯನ್ನು ಇಳಿಸಿ, ತಮ್ಮ ಗ್ಲೌಸ್ ಬಿಚ್ಚಿ ಮಗಳ ಮುಂದೆ ಇಟ್ಟರು. ಅವಳು ಅದನ್ನು ತೆಗೆದುಕೊಳ್ಳುವವರೆಗೂ ಕಾದರು.

ಶಶಿಕಲಾ ಹತ್ತಿರ ಬಂದು ಕೈ ಚಾಚಿದರು. "ಕಾರಿನ ಕೀ ಕೊಡ್ರಿ. ಇವತ್ತಿಗೆ ಸಾಕು. ಇನ್ನೊಂದ್ಸಲ ಇವಳ ಮೇಲೆ ಕೈ ಎತ್ತಿದ್ರೆ ನಾವಿಬ್ರೂ ನಿಮ್ಮ ಜೊತೆ ಇರಲ್ಲ."

ರುದ್ರೇಶ್ ಕೀ ಕೊಟ್ಟರು.

ನಾಣಯ್ಯ ಮೂಗಿನ ರಕ್ತ ಒರೆಸಿಕೊಂಡರು. "ನಾಳೆ ಮಗಳ ಜೊತೆ ನೀವೂ ಕ್ಲಾಸಿಗೆ ನಿಲ್ಲಿ ಸಾರ್. ಬೀಳೋದು ನಿಮಗಿಬ್ಬರಿಗೂ ಬರ್ತದೆ... ಏಳೋದನ್ನ ಯಾರೂ ಕಲಿಸಲಿಲ್ಲ."

ನಾವು ತಿಂದ ಏಟಿಗೆ ನಾವು ಹೊಣೆಯಲ್ಲ... ಅದನ್ನು ಮಕ್ಕಳಿಗೆ ದಾಟಿಸಿದರೆ ಮಾತ್ರ ನಾವೇ ಹೊಣೆ.

ನೀವು ತಲೆ ಬಾಚಿಕೊಳ್ಳಲು ಸುಮ್ಮನೆ ಕೈ ಎತ್ತಿದಾಗ, ನಿಮ್ಮ ಮನೆಯ ಮಗು ಬೆಚ್ಚಿಬೀಳುತ್ತದೆಯೇ?